ಮಜ್ಜಿಗೆಯಲ್ಲಿ ಏನೋ ಇದೆ

ನನ್ನಲ್ಲಿ ಹೆಮ್ಮೆ ಪಡೋಕೆ ಅಂತ ಇದ್ದದ್ದು ಒಂದೇ, ನನ್ನ ಮೂಗು. ನೋಡೋಕಲ್ಲ ಮತ್ತೆ. ನೋಡೋಕೆ ಅದು ಅಪ್ಪನ ಕಡೆಯ ಮೂಗು, ಈ ಮುಖಕ್ಕೆ ಸ್ವಲ್ಪ ಜಾಸ್ತೀನೇ ದಪ್ಪ. ಆದ್ರೆ ವಾಸನೆ ಹಿಡಿಯೋ ವಿಷಯಕ್ಕೆ ಬಂದ್ರೆ ಭದ್ರಾವತಿಯ ನಮ್ಮ ಬೀದೀಲಿ ನನ್ನನ್ನ ಮೀರಿಸೋರು ಯಾರೂ ಇರ್ಲಿಲ್ಲ. ಪಕ್ಕದ ಮನೆಯ ಹಾಲು ಸೀಯೋದು ಆ ಮನೆಯೋರಿಗಿಂತ ಮೊದ್ಲು ನನಗೆ ಗೊತ್ತಾಗೋದು. ಓದಿನಲ್ಲಿ ನಾನು ಅಷ್ಟಕ್ಕಷ್ಟೆ, ಬಿಕಾಂ ಅನ್ನೋದು ಹೇಗೋ ಮುಗೀತು. ಹಾಡು ಬರಲ್ಲ. ರಂಗೋಲಿ ಹಾಕಿದ್ರೆ ಅಮ್ಮನೇ ಬಂದು ಅಳಿಸಿ ಬೇರೆ ಹಾಕೋಳು. ಮೂಗೊಂದು ಇತ್ತು.

ಆ ಮೂಗಿನ ಮೇಲೇ ನಮ್ಮ ಮನೆ ನಡೀತಿತ್ತು ಅಂದ್ರೂ ಸುಳ್ಳಲ್ಲ. ಅಪ್ಪ ಕಾರ್ಖಾನೇಲಿ ಇದ್ದವರು, ನಾನು ಪಿಯುಸಿಯಲ್ಲಿ ಇರುವಾಗ ತೀರಿಕೊಂಡ್ರು. ಅಣ್ಣನಿಗೆ ಶಿವಮೊಗ್ಗದ ಒಂದು ಬೈಕ್ ಶೋರೂಮಿನಲ್ಲಿ ಕೆಲಸ. ಅಮ್ಮ ಮನೇಲೇ ಹುಳಿಪುಡಿ, ಸಾರಿನಪುಡಿ ಮಾಡಿ ಅಂಗಡಿಗಳಿಗೆ, ಮದುವೆಮನೆಗಳಿಗೆ ಕೊಡೋಕೆ ಶುರು ಮಾಡಿದಳು. ಆದ್ರೆ ಅಮ್ಮನಿಗೆ ಸೈನಸ್. ವರ್ಷದಲ್ಲಿ ಎಂಟು ತಿಂಗಳು ಮೂಗು ಕಟ್ಟಿಕೊಂಡೇ ಇರೋದು. ಪುಡಿ ಮಾಡೋರಿಗೆ ಅದಕ್ಕಿಂತ ದೊಡ್ಡ ಕಷ್ಟ ಇಲ್ಲ. ಕೊತ್ತಂಬರಿ ಬೀಜ ಹಸಿ ಉಳಿದ್ರೆ ಸಾರು ಕುಡಿಯೋಕಾಗಲ್ಲ, ಮೆಂತ್ಯ ಒಂದು ನಿಮಿಷ ಹೆಚ್ಚು ಹುರಿದ್ರೆ ಇಡೀ ಪುಡಿ ಕಹಿ. ಅದು ಕಣ್ಣಿಗೆ ಕಾಣಲ್ಲ, ಮೂಗಿಗೇ ತಿಳೀಬೇಕು.

ಹಾಗಾಗಿ ನಮ್ಮಿಬ್ಬರದ್ದು ಒಂದು ಪದ್ಧತಿ ಆಗಿತ್ತು. ಅಮ್ಮ ಒಲೆ ಮುಂದೆ ನಿಂತು ದೊಡ್ಡ ಬಾಣಲೇಲಿ ಹುರಿಯೋದು, ನಾನು ಅಡುಗೆಮನೆ ಹೊಸ್ತಿಲ ಮೇಲೆ ಅವಳಿಗೆ ಬೆನ್ನು ಹಾಕಿ ಕೂರೋದು. ನೋಡಬಾರದು, ನೋಡಿದ್ರೆ ಮೂಗು ಸೋಮಾರಿ ಆಗುತ್ತೆ ಅನ್ನೋದು ನನ್ನ ಸಿದ್ಧಾಂತ. ಅಮ್ಮ "ಹ್ಞೂ?" ಅನ್ನೋಳು. "ಇನ್ನೂ ಇಲ್ಲ" ಅಂತಿದ್ದೆ. ಮತ್ತೆ "ಹ್ಞೂ?" "ಇಲ್ಲ ಕಣಮ್ಮ, ಅವಸರ ಮಾಡ್ಬೇಡ." ಆಮೇಲೆ ಒಂದು ಗಳಿಗೆ ಬರೋದು, ಹಸಿ ವಾಸನೆ ಹೋಗಿ ಘಮ ಎದ್ದಿರುತ್ತೆ, ಸೀಯೋಕೆ ಇನ್ನೂ ಒಂದು ಉಸಿರು ಬಾಕಿ ಇರುತ್ತೆ. "ಇಳಿಸು" ಅಂತಿದ್ದೆ. ಅಮ್ಮ ಎರಡನೇ ಮಾತಿಲ್ಲದೆ ಇಳಿಸೋಳು. ಈ ಪ್ರಪಂಚದಲ್ಲಿ ನನ್ನ ಮಾತಿಗೆ ಬೆಲೆ ಇದ್ದ ಜಾಗ ಅದೊಂದೇ. ಅಣ್ಣ ಆಡಿಕೊಳ್ತಿದ್ದ, "ನಿನ್ನ ಪೊಲೀಸ್ ಇಲಾಖೆಗೆ ಸೇರಿಸ್ಬೇಕು ಮಾರಾಯ್ತಿ, ನಾಯಿ ಸಾಕೋ ಖರ್ಚು ಉಳಿಯುತ್ತೆ" ಅಂತ.

ಇಪ್ಪತ್ತಮೂರನೇ ವಯಸ್ಸಲ್ಲಿ ನನಗೆ ಕಾಯಿಲೆ ಶುರುವಾಯ್ತು. ಅದು ಕಾಯಿಲೆ ಅಂತ ಆಗ ಯಾರಾದ್ರೂ ಹೇಳಿದ್ರೆ ಅವರ ಗ್ರಹಚಾರ ಬಿಡಿಸ್ತಿದ್ದೆ. ಮೊದ್ಲು ನಿದ್ದೆ ಹೋಯ್ತು. ಆಮೇಲೆ ಮಿಕ್ಸಿ ತಿರುಗುವಾಗ ಅದರೊಳಗೆ ಹೆಂಗಸರು ನಗೋದು ಕೇಳಿಸೋಕೆ ಹತ್ತಿತು. ಮಿಕ್ಸಿ ನಿಂತ್ರೂ ನಗು ನಿಲ್ತಿರ್ಲಿಲ್ಲ. ಏನು ಹೇಳ್ತಿದ್ರು ಅಂತ ಕೇಳ್ಬೇಡಿ, ನನ್ನ ಬಗ್ಗೆ ನನಗೇ ಇದ್ದ ಅನುಮಾನಗಳನ್ನ ಅವರು ಜೋರಾಗಿ ಹೇಳ್ತಿದ್ರು, ಅಷ್ಟೆ. ದಪ್ಪ ಮೂಗು. ದಂಡಪಿಂಡ. ಅಮ್ಮನ ಅನ್ನ ತಿಂದ್ಕೊಂಡು ಬಿದ್ದಿರೋಳು. ಅದರಲ್ಲಿ ಹೊಸದೇನೂ ಇರ್ಲಿಲ್ಲ. ಕೊನೆಗೆ ಊಟದಲ್ಲಿ ಯಾರೋ ಏನೋ ಬೆರೆಸ್ತಿದ್ದಾರೆ ಅನ್ನಿಸೋಕೆ ಶುರುವಾಯ್ತು. ಯಾರು, ಯಾಕೆ, ಗೊತ್ತಿಲ್ಲ. ಮೂಗು ಹೇಳ್ತಿತ್ತು, ನಾನು ನಂಬ್ತಿದ್ದೆ. ಅಷ್ಟು ವರ್ಷ ಸರಿಯಾಗಿ ಹೇಳಿದ ಮೂಗು ಈಗ ಸುಳ್ಳು ಹೇಳುತ್ತೆ ಅಂತ ನಾನ್ಯಾಕೆ ಅಂದ್ಕೊಳ್ಳಲಿ?

ಒಂದು ಬೆಳಿಗ್ಗೆ, ಹೊಳೆಹೊನ್ನೂರಿನ ಒಂದು ಮದುವೆಮನೆಗೆ ಅಂತ ಮಾಡಿಟ್ಟಿದ್ದ ಹುಳಿಪುಡಿಯನ್ನ ದೊಡ್ಡ ಸ್ಟೀಲ್ ಡಬ್ಬಿ ಸಮೇತ ಎತ್ಕೊಂಡು ಹೋಗಿ ಬೀದಿ ಚರಂಡಿಗೆ ಸುರಿದೆ. ಇದಕ್ಕೆ ವಿಷ ಹಾಕಿದ್ದಾರೆ, ಮದುವೆಗೆ ಬಂದೋರೆಲ್ಲ ಸಾಯ್ತಾರೆ ಅಂತ ಕೂಗಿದೆ. ಗಾಳಿ ಬೇರೆ ಬೀಸ್ತಿತ್ತು. ಇಡೀ ಬೀದಿ ಸೀನೋದು, ಕೆಮ್ಮೋದು, ಮಕ್ಕಳು ಕಣ್ಣುಜ್ಜಿಕೊಂಡು ಅಳೋದು. ತಡೆಯೋಕೆ ಬಂದ ಅಮ್ಮನನ್ನ ತಳ್ಳಿಬಿಟ್ಟೆ, ಅವಳು ಹಿಂದಕ್ಕೆ ಹೋಗಿ ಮೆಟ್ಟಿಲ ಮೇಲೆ ಬಿದ್ದಳು. ಈಗ ಹೇಳುವಾಗ ನಗು ಬರೋ ಹಾಗೆ ಹೇಳೋಕೆ ಕಲಿತಿದ್ದೀನಿ. ಆವತ್ತು ಯಾರೂ ನಗಲಿಲ್ಲ. ನಾಲ್ಕು ದಿನ ನಮ್ಮ ಬೀದಿಯಲ್ಲಿ ಇಂಗು, ಮೆಂತ್ಯದ ವಾಸನೆ ಹೋಗಲಿಲ್ಲ.

ಅಣ್ಣ ಶಿವಮೊಗ್ಗದ ವಿನೋಬನಗರದಲ್ಲಿ ಒಬ್ಬ ಮಾನಸಿಕ ರೋಗದ ಡಾಕ್ಟ್ರನ್ನ ವಿಚಾರಿಸಿಕೊಂಡು ಬಂದ. ಒಂದು ಸಲ ನನ್ನ ಎಳ್ಕೊಂಡೇ ಹೋದ್ರು. ಕೊಟ್ಟ ಮಾತ್ರೇನ ನಾಲಿಗೆ ಕೆಳಗೆ ಇಟ್ಕೊಂಡು ಬಚ್ಚಲಲ್ಲಿ ಉಗೀತಿದ್ದೆ. ಅದು ಗೊತ್ತಾದ ಮೇಲೆ ಅವರು ಬಲವಂತ ಮಾಡೋದನ್ನೇ ಬಿಟ್ರು. ಆಶ್ಚರ್ಯ ಅಂದ್ರೆ, ಮಾತ್ರೆ ಇಲ್ಲದೇನೇ ಮೂರ್ನಾಲ್ಕು ವಾರದಲ್ಲಿ ನಗು ದೂರ ಆಗ್ತಾ ಹೋಯ್ತು. ಮೊದ್ಲು ಪಕ್ಕದ ಕೋಣೆಗೆ, ಆಮೇಲೆ ಬೀದಿಗೆ, ಆಮೇಲೆ ಇಲ್ಲವೇ ಇಲ್ಲ. ನಾನೇ ಗಟ್ಟಿ ಮನಸ್ಸು ಮಾಡಿ ಓಡಿಸಿದೆ ಅಂದ್ಕೊಂಡೆ. ಒಳಗೊಳಗೇ ಸ್ವಲ್ಪ ಜಂಬಾನೂ ಪಟ್ಟೆ. ತಲೆ ತಿಳಿಯಾದ ಮೇಲೆ ನಾನಾಗಿಯೇ ಅಮ್ಮನಿಗೆ ಹೇಳಿದೆ, ನಡಿ, ಡಾಕ್ಟ್ರ ಹತ್ರ ಹೋಗೋಣ, ಮಾತ್ರೆ ತಗೊಳ್ತೀನಿ ಅಂತ. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಅಲ್ಲಿಂದ ತಿಂಗಳಿಗೊಂದು ಸಲ ನಾನೂ ಅಮ್ಮನೂ ಬಸ್ಸು ಹತ್ತೋದು. ಬೀದಿಯೋರಿಗೆ ಹಲ್ಲಿನ ಡಾಕ್ಟ್ರ ಹತ್ರ ಹೋಗ್ತೀವಿ ಅಂತ ಹೇಳ್ತಿದ್ವಿ. ಇಡೀ ಬೀದಿ ಮುಂದೆ ಹುಳಿಪುಡಿ ಸುರಿದೋಳಿಗೆ ಹಲ್ಲು ನೋವು ಅಂದ್ರೆ ಯಾರು ನಂಬ್ತಾರೆ ಹೇಳಿ. ಆದ್ರೂ ಅಮ್ಮ ಅದನ್ನ ಬಿಡಲಿಲ್ಲ. ಪಕ್ಕದ ಮನೆ ಅಕ್ಕ ಒಂದು ವರ್ಷ ಕೇಳಿಸಿಕೊಂಡು, ಕೊನೆಗೆ ತಡೀಲಾರದೆ, "ಇರೋದೇ ಮೂವತ್ತೆರಡು ಹಲ್ಲಲ್ವಾ ಮಾರಾಯ್ತಿ, ಇನ್ನೂ ಎಷ್ಟು ಬಾಕಿ ಇದೆ?" ಅಂತ ಕೇಳಿದ್ರು. ನನಗೆ ನಗು ಬಂತು. ಅಮ್ಮನ ಮುಖ ನೋಡಿ ನುಂಗಿಕೊಂಡೆ.

ತಲೆ ತಿಳಿಯಾದ್ರೆ ಎಲ್ಲ ಸರಿಹೋಯ್ತು ಅಂತ ಜನ ಅಂದ್ಕೊಳ್ತಾರೆ. ನನ್ನ ಕೇಳಿ ಹೇಳ್ತೀನಿ. ತಲೆ ಕೆಟ್ಟಿದ್ದಾಗ ನಾನು ಜಗತ್ತನ್ನ ಕಾಪಾಡ್ತಿದ್ದೆ, ಮದುವೆಗೆ ಬಂದೋರ ಜೀವ ಉಳಿಸ್ತಿದ್ದೆ. ತಿಳಿಯಾದಾಗ ನೋಡಿದ್ರೆ, ತಾಯಿನ ಮೆಟ್ಟಿಲ ಮೇಲೆ ಬೀಳಿಸಿದ ಮಗಳು ಆಗಿದ್ದೆ. ಒಂದೊಂದಾಗಿ ನೆನಪಾಗೋದು. ಯಾರಿಗೆ ಏನಂದೆ, ಯಾವ ಅಂಗಡಿಯೋನ ಮುಖಕ್ಕೆ ಪ್ಯಾಕೆಟ್ ಎಸೆದೆ, ಮೈಮೇಲೆ ದುಪ್ಪಟ್ಟ ಇಲ್ಲದೆ ಎಲ್ಲಿವರೆಗೆ ಓಡಿದೆ. ಹೊದಿಕೆ ಮುಸುಕು ಹಾಕ್ಕೊಂಡು ಮಲಗಿದ್ರೆ ಒಳಗೂ ಅದೇ ಬರೋದು. ಆ ನಗು ನಿಂತಿತ್ತು ನಿಜ. ಆದ್ರೆ ಅವರು ಹೇಳ್ತಿದ್ದ ಮಾತುಗಳನ್ನೆಲ್ಲ ಈಗ ನಾನೇ ಹೇಳ್ಕೊಳ್ತಿದ್ದೆ, ನನ್ನದೇ ದನಿಯಲ್ಲಿ. ಅದಕ್ಕೆ ಮಾತ್ರೆ ಇರ್ಲಿಲ್ಲ.

ಮೈ ಬೇರೆ ಊದಿಕೊಳ್ತಾ ಬಂತು. ಹಸಿವು ಅಂದ್ರೆ ಹಸಿವು, ನಾಚಿಕೆ ಬಿಟ್ಟು ತಿಂತಿದ್ದೆ. ಒಂದು ವರ್ಷದಲ್ಲಿ ನನ್ನ ಚೂಡಿದಾರ್ ಒಂದೂ ಆಗದೆ ನೈಟಿಯಲ್ಲೇ ಇರೋ ಹಾಗಾಯ್ತು. ಬೆಳಿಗ್ಗೆ ದಿಂಬು ಜೊಲ್ಲಿನಲ್ಲಿ ಒದ್ದೆ ಆಗಿರೋದು. ಲೋಟ ಹಿಡಿದ್ರೆ ಕೈ ನಡುಗೋದು. ಹತ್ತು ಗಂಟೆಗೆ ಎದ್ರೆ ಹನ್ನೊಂದಕ್ಕೆ ಮತ್ತೆ ನಿದ್ದೆ. ಯಾರಾದ್ರೂ ಬಾಗಿಲು ತಟ್ಟಿದ್ರೆ ಹಿತ್ತಲಿಗೆ ಹೋಗಿ ನಿಲ್ತಿದ್ದೆ. ಬಚ್ಚಲ ಕನ್ನಡಿಗೆ ಟವೆಲ್ ಹಾಕಿ ಮುಚ್ಚಿದೆ, ಅಣ್ಣ ಗಡ್ಡ ಮಾಡ್ಕೊಳ್ಳೋಕೆ ಅದನ್ನ ತೆಗೆಯೋನು, ನಾನು ಮತ್ತೆ ಮುಚ್ತಿದ್ದೆ. ಈ ವಿಷಯ ನಾವಿಬ್ಬರೂ ಒಂದು ದಿನಾನೂ ಮಾತಾಡಲಿಲ್ಲ.

ಈ ನಡುವೆ ಒಂದು ಸಣ್ಣ ವಿಷಯ. ಮಧ್ಯಾಹ್ನ ಊಟದ ಕೊನೆಗೆ ಅಮ್ಮ ಒಂದು ಲೋಟ ಮಜ್ಜಿಗೆ ಕೊಡ್ತಿದ್ದಳು, ಇಂಗಿನ ಒಗ್ಗರಣೆ ಹಾಕಿ. ಅದನ್ನ ಕುಡಿಯುವಾಗೆಲ್ಲ ಇಂಗಿನ ಹಿಂದೆ ಇನ್ನೊಂದು ಏನೋ ನಾಲಿಗೆಗೆ ಸಿಕ್ಕೋದು. ತೀರಾ ಸಣ್ಣ ಕಹಿ, ಔಷಧಿ ಅಂಗಡಿಯ ಬಾಗಿಲು ದಾಟಿದ ಹಾಗೆ. ಕಾಯಿಲೆಯ ದಿನಗಳಲ್ಲಿ ಅನ್ನಿಸ್ತಿದ್ದ ಹಾಗೆ ಅಲ್ಲ ಇದು. ಆಗ ಎಲ್ಲದರಲ್ಲೂ ವಿಷ ಇತ್ತು. ಈಗ ಅನ್ನ ಸರಿ, ಸಾರು ಸರಿ, ಮಜ್ಜಿಗೆ ಒಂದೇ. ಹೆದರಿಕೊಂಡು, ಮೆತ್ತಗೆ, "ಅಮ್ಮ, ಮಜ್ಜಿಗೆಯಲ್ಲಿ ಏನೋ ಇದೆ" ಅಂದೆ. ಅಮ್ಮನ ಮುಖ ಬಿಳಿಚಿಕೊಂಡಿತು. "ಏನೂ ಇಲ್ಲ ಕಣೇ, ಸುಮ್ನೆ ಕುಡಿ" ಅಂದಳು. ನನಗೆ ಮತ್ತೆ ಕಾಯಿಲೆ ಮರುಕಳಿಸ್ತು ಅಂತ ಅವಳಿಗೆ ಭಯ ಆಗಿರಬೇಕು ಅಂತ ನಾನಂದ್ಕೊಂಡೆ.

ಮುಂದಿನ ಸಲ ಡಾಕ್ಟ್ರು "ಊಟದಲ್ಲಿ ಏನೋ ಬೆರೆಸ್ತಾರೆ ಅನ್ನೋದು ಈಗ ಇದೆಯಾ?" ಅಂತ ಕೇಳಿದ್ರು. ಸುಳ್ಳು ಹೇಳಬಾರದು ಅಂತ ಮಜ್ಜಿಗೆ ವಿಷಯ ಹೇಳಿದೆ. ಅವರು ಅಮ್ಮನ ಕಡೆ ತಿರುಗಿ, "ಏನಮ್ಮಾ?" ಅಂದ್ರು. ನಾನು ಏನು ಹೇಳಿದ್ರೂ ಅವರು ಅಮ್ಮನ ಕಡೆ ತಿರುಗೋದು ರೂಢಿ. ಅಮ್ಮ ತಲೆ ತಗ್ಗಿಸಿ, "ಇವಳು ಹಾಗೇ ಅಂತಾಳೆ ಡಾಕ್ಟ್ರೇ, ಅದರಲ್ಲಿ ಏನೂ ಇರಲ್ಲ" ಅಂದಳು. ಡಾಕ್ಟ್ರು ಫೈಲಲ್ಲಿ ಏನೋ ಬರೆದು, ಮಾತ್ರೆ ಇನ್ನೊಂದು ಹೆಚ್ಚಿಸಿದ್ರು. ಆಮೇಲಿನ ಎರಡು ಸಲವೂ ಹೀಗೇ ಆಯ್ತು. ಕೆಟ್ಟವರೇನಲ್ಲ ಅವರು. ನಿಧಾನವಾಗಿ ನನಗೆ ಅರ್ಥ ಮಾಡಿಸಿದ್ರು, ಕಾಯಿಲೆ ಕಡಿಮೆ ಆದ್ರೂ ಅದರ ಒಂದೊಂದು ತುಣುಕು ಉಳಿದಿರುತ್ತೆ, ಹಾಗೆ ಅನ್ನಿಸಿದಾಗ ಇದು ನಿಜ ಅಲ್ಲ ಅಂತ ನಿಮಗೆ ನೀವೇ ಹೇಳ್ಕೊಳ್ಳಿ ಅಂತ.

ನಾನು ಒಳ್ಳೆ ವಿದ್ಯಾರ್ಥಿನಿ ಆದೆ. ಕಾಲೇಜಲ್ಲಿ ಯಾವತ್ತೂ ಆಗದೋಳು ಇಲ್ಲಿ ಆದೆ. ದಿನಾ ಮಜ್ಜಿಗೆ ಲೋಟ ಕೈಗೆ ಬಂದಾಗ ಕಣ್ಣು ಮುಚ್ಚಿ, ಇದು ನಿಜ ಅಲ್ಲ, ನನ್ನ ನಾಲಿಗೆ ಸುಳ್ಳು, ನನ್ನ ಮೂಗು ಸುಳ್ಳು ಅಂತ ಮನಸ್ಸಲ್ಲೇ ಹೇಳಿ ಗಟಗಟ ಕುಡೀತಿದ್ದೆ. ಸ್ವಲ್ಪ ದಿನದಲ್ಲಿ ಅದು ಅಭ್ಯಾಸ ಆಯ್ತು. ಅಮ್ಮನೂ ಅಷ್ಟರಲ್ಲಿ ನನ್ನ ಮೂಗು ಕೇಳೋದು ನಿಲ್ಲಿಸಿದ್ದಳು. ಅಣ್ಣನ ಹಳೇ ಮೊಬೈಲಿನಲ್ಲಿ ಟೈಮರ್ ಇಟ್ಕೊಂಡು ಹುರೀತಿದ್ದಳು, ಕೊತ್ತಂಬರಿಗೆ ಇಷ್ಟು ನಿಮಿಷ, ಮೆಂತ್ಯಕ್ಕೆ ಇಷ್ಟು ಅಂತ. ಅದು ಕುಂಯ್ ಕುಂಯ್ ಅಂದಾಗ ನನಗೆ ಎಷ್ಟು ಹೊಟ್ಟೆ ಉರೀತಿತ್ತು ಅಂದ್ರೆ, ಒಂದು ಮೊಬೈಲಿನ ಮೇಲೆ ಮತ್ಸರ ಪಟ್ಟೋಳು ಈ ಜಿಲ್ಲೇಲಿ ನಾನೊಬ್ಬಳೇ ಇರಬೇಕು.

ಒಂದಿನ ನಾನು ನಡುಮನೇಲಿ ಮಲಗಿದ್ದೆ, ಅಮ್ಮ ಒಳಗೆ ಹುರೀತಿದ್ದಳು. ಮೆಂತ್ಯದ ವಾಸನೆ ಬಂತು. ಸರಿಯಾಗಿತ್ತು, ಇಳಿಸ್ಬೇಕಿತ್ತು. ಟೈಮರ್ ಕೂಗಲಿಲ್ಲ. ಕರೆಂಟ್ ಒಲೆ ಹೊಸದು, ಉರಿ ಹೆಚ್ಚಾಗಿತ್ತೋ ಏನೋ. ಎದ್ದು ಹೋಗಿ ಇಳಿಸು ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನನಗೆ ನಾನೇ ಹೇಳ್ಕೊಂಡೆ, ಇದು ನಿಜ ಅಲ್ಲ, ನಿನ್ನ ಮೂಗು ಸುಳ್ಳು. ಸೀದ ವಾಸನೆ ಬಂತು. ಇದು ನಿಜ ಅಲ್ಲ. ಇನ್ನಷ್ಟು ಸೀದುಹೋಯ್ತು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಆ ಪುಡಿ ಪೂರ್ತಿ ಕಹಿಯಾಯ್ತು. ಅಂಗಡಿಯೋರು ಎಲ್ಲ ವಾಪಸ್ ಕಳಿಸಿದ್ರು. ಅಮ್ಮ ಪ್ಯಾಕೆಟ್ಟುಗಳ ಮಧ್ಯೆ ಕೂತು, "ನಿನಗಾದ್ರೂ ವಾಸನೆ ಬರಲಿಲ್ವೇನೆ?" ಅಂತ ಕೇಳಿದಳು. "ಇಲ್ಲ" ಅಂದೆ.

ಆ ದಿನಗಳ ಬಗ್ಗೆ ಹೆಚ್ಚು ಹೇಳೋಕೆ ಇಷ್ಟ ಇಲ್ಲ. ಹೇಳದೇ ಇರೋದೂ ತಪ್ಪು. ನನಗೆ ಬದುಕೋದು ಬೇಡ ಆಗಿತ್ತು. ಇದೇ ನನ್ನ ಕೊನೇ ಅವತಾರ, ಮಲಗಿ ಎದ್ದು ತಿಂದು ಮಲಗೋ ಒಂದು ಮೂಟೆ, ಇನ್ನು ನಲವತ್ತು ವರ್ಷ ಅಮ್ಮ ಇದನ್ನ ಹೊರಬೇಕು ಅನ್ನಿಸ್ತಿತ್ತು. ಅಳು ಕೂಡ ಬರ್ತಿರ್ಲಿಲ್ಲ. ಡಾಕ್ಟ್ರು ಮನಸ್ಸು ಹೇಗಿದೆ ಅಂತ ಕೇಳಿದ್ರೆ "ಪರವಾಗಿಲ್ಲ" ಅಂತಿದ್ದೆ, ಯಾಕಂದ್ರೆ ನನ್ನ ಮನಸ್ಸು ಹೇಗಿದೆ ಅಂತ ಹೇಳೋಕೆ ನಾನು ಯಾರು? ನನ್ನ ಮೂಗಿನ ವಿಷಯಾನೇ ನನಗೆ ಗೊತ್ತಿಲ್ಲ.

ಕಾಯಿಲೆ ಬಂದು ಎರಡು ವರ್ಷ ದಾಟಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ನೀರು ಕುಡಿಯೋಕೆ ಅಡುಗೆಮನೆಗೆ ಹೋದೆ. ಸಾಮಾನ್ಯ ಆ ಹೊತ್ತಿಗೆ ನಾನು ಎದ್ದೇ ಇರ್ತಿರ್ಲಿಲ್ಲ. ಅಮ್ಮ ನನಗೆ ಬೆನ್ನು ಹಾಕಿ ನಿಂತಿದ್ದಳು. ಕಟ್ಟೆ ಮೇಲೆ ಮಜ್ಜಿಗೆ ಲೋಟ, ಪಕ್ಕದಲ್ಲಿ ಇಂಗಿನ ಡಬ್ಬಿ ಬಾಯಿ ತೆರೆದಿತ್ತು. ಅಮ್ಮನ ಕೈಯಲ್ಲಿ ಒಂದು ಪುಟ್ಟ ಬಾಟ್ಲಿ. ಅದರಿಂದ ಹನಿ ಹನಿಯಾಗಿ ಲೋಟಕ್ಕೆ ಬಿಡ್ತಾ, ಬಾಯಲ್ಲಿ ಎಣಿಸ್ತಿದ್ದಳು. ಜಪ ಮಾಡೋರ ಹಾಗೆ ತುಟಿ ಅಲ್ಲಾಡ್ತಿತ್ತು. ಎಣಿಸಿ ಮುಗಿದ ಮೇಲೆ ಬಾಟ್ಲಿ ಮುಚ್ಚಳ ಹಾಕಿ ಇಂಗಿನ ಡಬ್ಬಿಯೊಳಗೆ ಇಟ್ಟು, ತಿರುಗಿದಳು. ನನ್ನ ನೋಡಿದಳು.

ನಾನು ಏನೂ ಕೂಗಲಿಲ್ಲ. "ಏನಮ್ಮ ಅದು?" ಅಂದೆ. ಅಮ್ಮ ಡಬ್ಬಿಯ ಮುಚ್ಚಳ ಹಾಕೋಕೆ ಹೋದಳು. ಡಬ್ಬಿಗೆ ನಾನೇ ಕೈ ಹಾಕಿ ತೆಗೆದೆ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಾಯಿ ಬಿಟ್ಟಳು. ನಾನು ಮಾತ್ರೆ ಉಗೀತಿದ್ದಾಗ ಡಾಕ್ಟ್ರೇ ಈ ಹನಿ ಔಷಧಿ ಕೊಟ್ಟು, ಊಟದಲ್ಲಿ ಬೆರೆಸಿ ಕೊಡಿ ಅಂದಿದ್ರಂತೆ. ಅಂದ್ರೆ ಆ ನಗೋರನ್ನ ಓಡಿಸಿದ್ದು ನನ್ನ ಗಟ್ಟಿ ಮನಸ್ಸಲ್ಲ. ನಾನಾಗಿ ಮಾತ್ರೆ ತಗೊಳ್ಳೋಕೆ ಶುರು ಮಾಡಿದ ದಿನಾನೇ ಹನಿ ನಿಲ್ಲಿಸಿ ಅಂತಾನೂ ಹೇಳಿದ್ರಂತೆ. ಅಮ್ಮ ನಿಲ್ಲಿಸಲಿಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿಂದ ತರ್ತಾನೇ ಇದ್ದಳು. "ಇದರಿಂದ ನೀನು ಸರಿಹೋದೆ. ನಿಲ್ಲಿಸೋಕೆ ಕೈ ಬರಲಿಲ್ಲ" ಅಂದಳು. ಎರಡು ವರ್ಷ ನನಗೆ ಎರಡೆರಡು ಔಷಧಿ ಇಳಿದಿತ್ತು. ಮಜ್ಜಿಗೆಯಲ್ಲಿ ಏನೋ ಇದೆ ಅಂದಾಗಲೆಲ್ಲ ಮಾತ್ರೆ ಮೇಲೆ ಮಾತ್ರೆ ಹೆಚ್ಚಿತ್ತು.

ನಿಜ ಹೇಳಲಾ? ಮೊದ್ಲು ನನಗಾದದ್ದು ಸಂತೋಷ. ಸಿಟ್ಟು ಆಮೇಲೆ ಬಂತು. ಬಾಟ್ಲಿ ಕೈಯಲ್ಲಿ ಹಿಡಿದು ಒಂದು ಹನಿ ಬೆರಳಿಗೆ ಹಾಕಿ ನೆಕ್ಕಿದೆ. ಅದೇ ಕಹಿ. ಇಂಗಿನ ಹಿಂದೆ ನಿಂತ ಅದೇ ಕಹಿ. ನನ್ನ ನಾಲಿಗೆ ಎರಡು ವರ್ಷ ಒಂದೇ ಮಾತು ಹೇಳಿತ್ತು, ನಾನೇ ಅದರ ಬಾಯಿ ಮುಚ್ಚಿಸಿದ್ದೆ. ಅಡುಗೆಮನೆ ನೆಲದ ಮೇಲೆ ಕೂತು, ಎಷ್ಟೋ ತಿಂಗಳಾದ ಮೇಲೆ, ಜೋರಾಗಿ ಅತ್ತೆ. ಅಮ್ಮ ಹತ್ತಿರ ಬಂದಳು. "ಮುಟ್ಟಬೇಡ ನನ್ನ" ಅಂದೆ.

ಸಂತೋಷ ಸಂಜೆವರೆಗೂ ಉಳೀಲಿಲ್ಲ. ಇದು ನಿಜ ಆಗಿದ್ರೆ ಮತ್ತೇನೇನು ನಿಜ? ಆ ಹೆಂಗಸರು ನಿಜವಾಗ್ಲೂ ನಗ್ತಿದ್ರಾ? ಚರಂಡಿಗೆ ಸುರಿದ ಹುಳಿಪುಡಿಯಲ್ಲಿ ಏನಾದ್ರೂ ಇತ್ತಾ? ಎರಡು ವರ್ಷ ಕಷ್ಟಪಟ್ಟು ಸುಳ್ಳು ಅಂತ ಒಪ್ಪಿಕೊಂಡಿದ್ದೆಲ್ಲ ಒಟ್ಟಿಗೆ ಎದ್ದು ಕೂತಿತು. ಮೂರು ದಿನ ಊಟದ ತಟ್ಟೆ ಮುಂದೆ ಕೂತು ಎದ್ದು ಹೋದೆ. ಅಣ್ಣ ಅಂಗಡಿಯಿಂದ ಸೀಲು ಒಡೆಯದ ಬಿಸ್ಕತ್ತು ಪ್ಯಾಕ್ ತಂದು ಕೊಟ್ಟ. ಹನಿ ನಿಂತು ಎಷ್ಟೋ ಕಾಲ ಆಯ್ತು ಅಂತ ಅವನೂ ಅಂದ್ಕೊಂಡಿದ್ನಂತೆ. ಮಾತ್ರೆ ಬಿಟ್ಟುಬಿಡ್ಲಾ ಅಂತ ಅವನ ಕೇಳಿದೆ. ಅವನು, "ಅಮ್ಮ ಮಾಡಿದ್ದು ತಪ್ಪು ಕಣೇ. ನೀನು ಬೀದೀಲಿ ಮಾಡಿದ್ದು ಕಾಯಿಲೆ. ಎರಡೂ ನಿಜ. ಡಾಕ್ಟ್ರ ಮುಂದೆ ಹೇಳು" ಅಂದ. ಅಷ್ಟು ನೇರವಾಗಿ ನನ್ನ ಹತ್ರ ಯಾರೂ ಮಾತಾಡಿ ಬಹಳ ದಿನ ಆಗಿತ್ತು. ಮಾತ್ರೆ ನುಂಗಿದೆ.

ಮಾರನೇ ದಿನ ನಾನೂ ಅಮ್ಮನೂ ಶಿವಮೊಗ್ಗಕ್ಕೆ ಹೋದ್ವಿ. ಬಾಟ್ಲಿ ನನ್ನ ಬ್ಯಾಗಲ್ಲಿತ್ತು, ಅಮ್ಮನಿಗೆ ಹೇಳಿರ್ಲಿಲ್ಲ. ಅವಳಾಗಿಯೇ ಹೇಳಬೇಕು ಅನ್ನೋದು ನನ್ನ ಆಸೆ. ಬೇರೆ ಏನೂ ಬೇಡ, ಡಾಕ್ಟ್ರ ಮುಂದೆ ಅಮ್ಮನ ಬಾಯಿಂದ ಒಂದು ಸಲ, ನನ್ನ ಮಗಳು ಹೇಳಿದ್ದು ಸರಿ ಇತ್ತು ಅಂತ ಬಂದ್ರೆ ಸಾಕು. ನಾನೇ ಶುರು ಮಾಡಿದೆ. "ಮಜ್ಜಿಗೆಯಲ್ಲಿ ನಿಜವಾಗ್ಲೂ ಔಷಧಿ ಬೆರೆಸ್ತಿದ್ರು ಡಾಕ್ಟ್ರೇ." ಅವರು ನನ್ನ ಮುಖ ನೋಡಿ, ರೂಢಿಯಂತೆ ಅಮ್ಮನ ಕಡೆ ತಿರುಗಿದ್ರು. "ಏನಮ್ಮಾ?"

ಅಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ತಾ ಕೂತಳು. ಡಾಕ್ಟ್ರು ಬಯ್ತಾರೆ ಅಂತ ಭಯ ಅವಳಿಗೆ, ಶಾಲೆ ಮಕ್ಕಳ ಭಯ. "ಇಲ್ಲ ಡಾಕ್ಟ್ರೇ" ಅಂದಳು. "ಅವಳಿಗೆ ಹಾಗನ್ಸುತ್ತೆ."

ಅವಳ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರ್ಲಿಲ್ಲ, ಕಾಯಿಲೆಯಲ್ಲೂ ಇಲ್ಲ. ಡಾಕ್ಟ್ರು ಪೆನ್ನು ತೆರೆದ್ರು. ನಾನು ಬ್ಯಾಗಿಂದ ಬಾಟ್ಲಿ ತೆಗೆದು ಮೇಜಿನ ಮೇಲೆ ಇಟ್ಟೆ. ಇಂಗಿನ ವಾಸನೆ ಆ ಕೋಣೆ ತುಂಬಾ ಹರಡ್ತು. ಡಾಕ್ಟ್ರು ಅದನ್ನ ಎತ್ತಿ ಅದರ ಮೇಲಿನ ಚೀಟಿ ಓದಿ, ಅಮ್ಮನ ನೋಡಿದ್ರು. ಅಮ್ಮ ಕೈ ಮುಗಿದಳು. ಅವರಿಗೆ ಮುಗಿದಳೋ ನನಗೆ ಮುಗಿದಳೋ ಗೊತ್ತಾಗಲಿಲ್ಲ, ಕೈ ಇಬ್ಬರ ನಡುವೆ ಇತ್ತು.

ಡಾಕ್ಟ್ರು ತುಂಬಾ ಹೊತ್ತು ಫೈಲ್ ತಿರುವಿದ್ರು. ಎಲ್ಲೆಲ್ಲಿ ಮಾತ್ರೆ ಹೆಚ್ಚಿಸಿದ್ರೋ ಅಲ್ಲಲ್ಲಿ ಬೆರಳಿಟ್ಟು ನೋಡಿದ್ರು. "ನನ್ನದೂ ತಪ್ಪಿದೆ. ಹನಿ ನಿಲ್ಲಿಸಿದ್ರಾ ಅಂತ ನಾನು ಬಿಡಿಸಿ ಕೇಳಬೇಕಿತ್ತು" ಅಂದ್ರು. "ನೀವು ಹೇಳಿದ್ದು ಸರಿ ಇತ್ತಮ್ಮ." ಅವರು ಆ ಮಾತು ನನ್ನ ಮುಖ ನೋಡಿ ಹೇಳಿದ್ರು. ನಾನು ಆ ಹಾಳೆಗಳಲ್ಲಿ ಮಜ್ಜಿಗೆ ಬಗ್ಗೆ ಬರೆದದ್ದನ್ನ ಹೊಡೆದುಹಾಕ್ತೀರಾ ಅಂತ ಕೇಳಿದೆ. ಹೊಡೆದುಹಾಕೋಕೆ ಬರಲ್ಲ, ಕೆಳಗೆ ಬರೀತೀನಿ ಅಂದ್ರು. ಬರೆದು, ಓದಿ ಹೇಳಿದ್ರು. ಕಾಯಿಲೆ ಇದ್ದದ್ದು ನಿಜ, ಮಾತ್ರೆ ಬಿಡಬೇಡಿ, ಹನಿ ಬೇಡ, ಮಾತ್ರೇನ ನಿಧಾನಕ್ಕೆ ಕಡಿಮೆ ಮಾಡೋಣ ಅಂದ್ರು. ಎರಡು ವರ್ಷ ಕಾದ ಮಾತು ಸಿಕ್ಕಿತ್ತು. ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ಳುವಾಗ ನೋಡಿದ್ರೆ, ಒಳಗೆ ಏನೂ ಹಗುರ ಆಗಿರ್ಲಿಲ್ಲ.

ವಾಪಸ್ ಬರ್ತಾ ಬಸ್ಸಲ್ಲಿ ನಾನು ಕಿಟಕಿ ಕಡೆ ಕೂತೆ. ಬಸ್ಸು ಮಲವಗೊಪ್ಪ ದಾಟಿತು. ಅಮ್ಮ ಮುಂದಿನ ಸೀಟಿನ ಕಂಬಿ ಹಿಡ್ಕೊಂಡು, ನನ್ನ ಕಡೆ ನೋಡದೆ ಹೇಳಿದಳು. "ಆವತ್ತು ಚರಂಡಿ ಹತ್ರ ನೀನು ನನ್ನ ನೋಡಿದ್ಯಲ್ಲ. ನಾನು ಯಾರು ಅಂತ ನಿನಗೆ ಗೊತ್ತಿರ್ಲಿಲ್ಲ. ಹನಿ ಹಾಕಿದ ಮೇಲೆ ಒಂದಿನ ಅಮ್ಮಾ ಅಂತ ಕರೆದೆ. ಆಮೇಲೆ ಅದನ್ನ ಹೇಗೆ ನಿಲ್ಲಿಸಲಿ ಹೇಳು." ಸಿಟ್ಟು ಇತ್ತು, ಅದರ ಕೆಳಗೆ ಅಯ್ಯೋ ಅನ್ನಿಸ್ತಿತ್ತು, ಎರಡನ್ನೂ ಒಟ್ಟಿಗೆ ಹೇಗೆ ಹೇಳೋದು ಗೊತ್ತಾಗಲಿಲ್ಲ.

ಇದಾಗಿ ಮೂರು ವರ್ಷ ಆಯ್ತು. ಕೈ ನಡುಕ ನಿಂತಿದೆ. ಒಂದೇ ಒಂದು ಮಾತ್ರೆ, ನಾನೇ ಡಬ್ಬಿಯಿಂದ ತೆಗೆದು ತಗೊಳ್ತೀನಿ. ಅರ್ಧ ದಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೂರ್ತೀನಿ. ಮೈ ಪೂರ್ತಿ ಇಳಿದಿಲ್ಲ, ಇಳಿಯೋದೂ ಇಲ್ಲ ಅನ್ಸುತ್ತೆ. ಮನಸ್ಸು ಒಂದೊಂದು ವಾರ ಪೂರ್ತಿ ಕೆಳಗೆ ಕೂತುಬಿಡುತ್ತೆ, ಆಮೇಲೆ ಏಳುತ್ತೆ. ನನ್ನ ಬಗ್ಗೆ ನನಗೆ ಮೊದಲಿನ ಹಾಗೆ ಜಂಬ ಇಲ್ಲ, ಆದ್ರೆ ಮೂಟೆ ಅಂತ ಕರ್ಕೊಳ್ಳೋದು ಬಿಟ್ಟಿದ್ದೀನಿ.

ಅಮ್ಮ ಎಂಜಲಿನ ವಿಷಯದಲ್ಲಿ ಎಂಥಾ ಕಟ್ಟುನಿಟ್ಟು ಅಂದ್ರೆ, ಹೆತ್ತ ಮಕ್ಕಳು ಕುಡಿದ ಲೋಟ ಮುಟ್ಟಿದ್ರೂ ಕೈ ತೊಳೆಯೋಳು. ಅವಳು ನೀರು ಕುಡಿಯೋದೂ ಎತ್ತಿಕೊಂಡೇ, ಲೋಟಕ್ಕೆ ತುಟಿ ತಾಗಿಸಿದ್ದು ನಾನು ನೋಡಿದ್ದೇ ಇಲ್ಲ. ಕ್ಲಿನಿಕ್ಕಿಂದ ಬಂದ ಮಾರನೇ ದಿನ ಮಧ್ಯಾಹ್ನ ಅವಳು ಮಜ್ಜಿಗೆ ಲೋಟ ತಂದು ನನ್ನ ಮುಂದೆ ನಿಂತಳು. ಲೋಟಕ್ಕೆ ತುಟಿ ಇಟ್ಟು, ಒಂದು ದೊಡ್ಡ ಗುಟುಕು ತಾನು ಕುಡಿದು, ಆಮೇಲೆ ನನಗೆ ಕೊಟ್ಟಳು. ಅವತ್ತಿಂದ ಇವತ್ತಿನವರೆಗೂ, ಮಜ್ಜಿಗೆ ಇರಲಿ, ಕಾಫಿ ಇರಲಿ, ಬರೀ ನೀರಿರಲಿ, ಮೊದಲ ಗುಟುಕು ಅವಳದ್ದೇ.

ಬೇಡಮ್ಮ, ಸಾಕು, ನಂಬ್ತೀನಿ ಅಂತ ನಾನು ಹೇಳ್ಬೇಕು. ಹೇಳಿದ್ರೆ ಅವಳು ಅಲ್ಲೇ ಅತ್ತುಬಿಡ್ತಾಳೆ, ಅವಳ ಎದೆ ಹಗುರ ಆಗುತ್ತೆ. ದಿನಾ ಬೆಳಿಗ್ಗೆ ಇವತ್ತು ಹೇಳ್ತೀನಿ ಅಂದ್ಕೊಳ್ತೀನಿ. ಲೋಟ ಬಂದಾಗ ಬಾಯಿ ಬರಲ್ಲ. ನಾನು ಅಮ್ಮನ ಗಂಟಲನ್ನೇ ನೋಡ್ತಾ ಕೂರ್ತೀನಿ. ಗುಟುಕು ಇಳಿದದ್ದು ಕಂಡ ಮೇಲೇನೇ ನನ್ನ ಕೈ ಮುಂದೆ ಹೋಗೋದು. ನಾನು ನೋಡ್ತೀನಿ ಅಂತ ಅವಳಿಗೂ ಗೊತ್ತು. ಅದಕ್ಕೇ ಅವಳು ಸೆರಗು ಪಕ್ಕಕ್ಕೆ ಸರಿಸಿ, ಕತ್ತು ಸ್ವಲ್ಪ ಮೇಲೆತ್ತಿ, ನನಗೆ ಕಾಣೋ ಹಾಗೆ ನುಂಗ್ತಾಳೆ.